ಹಾಲಮ್ಮನ ಗಿರಣಿಗೆ ಬೆಂಚು ಬಂದದ್ದು

ಕೂತಿದ್ದೀರಾ? ಸರಿಯಾಗಿ ಕೂತ್ಕೊಳ್ಳಿ, ಪಕ್ಕದವರಿಗೂ ಸ್ವಲ್ಪ ಜಾಗ ಬಿಡಿ. ಯಾಕಂದರೆ ಇದು ಕೂರೋಕೆ ಜಾಗ ಇಲ್ಲದೆ ಹುಟ್ಟಿದ ಕತೆ.

ಜಗಳೂರಿನ ಹಳೇ ಪೋಸ್ಟಾಫೀಸು ಬೀದಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಹಿಟ್ಟಿನ ಗಿರಣಿಯನ್ನ ಅವಳೇ ನಡೆಸುತ್ತಿದ್ದಳು. ಅವಳಿಗೊಬ್ಬನೇ ಮಗ, ಬಕ್ಕೇಶಿ. ವಯಸ್ಸು ಇಪ್ಪತ್ತೈದು, ಮೈಕಟ್ಟು ಎತ್ತಿನದು. ಜೋಳದ ಮೂಟೆಯನ್ನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿದ್ದ. ಸುಳ್ಳು ಹೇಳೋನಲ್ಲ, ಸೋಮಾರಿಯಲ್ಲ, ಯಾವ ಕೆಲಸಕ್ಕೂ ಒಲ್ಲೆ ಅಂದೋನಲ್ಲ. ಹೇಳಿದ್ದನ್ನ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನೇ ಮಾಡುತ್ತಿದ್ದ.

"ಹಾಲು ಉಕ್ಕುತ್ತೆ, ನೋಡ್ತಿರು" ಅಂತ ಹೇಳಿ ಹಾಲಮ್ಮ ನೀರಿಗೆ ಹೋದಳು ಅನ್ನಿ. ಹಾಲು ಉಕ್ಕಿತು. ಬಕ್ಕೇಶಿ ನೋಡಿದ. ಪಾತ್ರೆ ಖಾಲಿಯಾಗಿ ಒಲೆ ಆರೋ ತನಕ ನೋಡಿದ. ಅವ್ವ ಬಂದು "ಉಕ್ಕಿಹೋಯ್ತಲ್ಲೋ" ಅಂದರೆ, "ಹೂಂ ಅವ್ವ, ನೋಡ್ದೆ. ಚೆನ್ನಾಗಿ ಉಕ್ತು" ಅಂದ.

"ನಿನ್ನ ಕಟ್ಕೊಂಡು ನಾನೇನು ಮಾಡ್ಲೋ ಮಗನೇ" ಅಂತ ಹಾಲಮ್ಮ ಹಣೆ ಹಣೆ ಬಡಿದುಕೊಂಡಳು.

"ಏನು ಮಾಡ್ತೀಯ ಅವ್ವ?" ಅಂತ ಬಕ್ಕೇಶಿ ಕೇಳಿದ. ಅವನಿಗೆ ನಿಜವಾಗಲೂ ತಿಳಿದುಕೊಳ್ಳಬೇಕಿತ್ತು.

ಹೀಗೇ ನಡೀತಿತ್ತು. ಅಷ್ಟರಲ್ಲಿ ಎದುರುಗಡೆ ತಿಪ್ಪೇಶಿ ಅನ್ನೋನು ಇನ್ನೊಂದು ಗಿರಣಿ ತೆಗೆದ. ಅವನ ಹಿಟ್ಟೇನೂ ಹಾಲಮ್ಮನ ಹಿಟ್ಟಿನಷ್ಟು ನುಣ್ಣಗೆ ಬರುತ್ತಿರಲಿಲ್ಲ. ಆದರೆ ಅವನು ಆರು ಪ್ಲಾಸ್ಟಿಕ್ ಕುರ್ಚಿ ಹಾಕಿದ. ಹಾಲಮ್ಮನ ಗಿರಣಿಯಲ್ಲಿ ನೆಲದ ತುಂಬ ಡಬ್ಬಿ, ಡಬ್ಬಿಗಳ ನಡುವೆ ಜನ, ಎಲ್ಲರೂ ನಿಂತೇ ಕಾಯಬೇಕು. ಒಬ್ಬೊಬ್ಬರೇ ರಸ್ತೆ ದಾಟಿದರು. ಕೊನೆಗೆ ಉಳಿದದ್ದು ಕಮಲಾಕ್ಷಮ್ಮ ಟೀಚರ್ ಮತ್ತೆ ಅವರ ಅಕ್ಕಪಕ್ಕದ ನಾಲ್ಕೈದು ಮನೆಯವರು. ಟೀಚರ್ ರಿಟೈರಾಗಿ ಐದು ವರ್ಷ ಆಗಿತ್ತು, ಮಂಡಿ ಸವೆದಿತ್ತು.

"ಹಾಲಮ್ಮ, ನಿನ್ನ ಹಿಟ್ಟು ಅಂದ್ರೆ ಹಿಟ್ಟು. ಆದ್ರೆ ಈ ಮಂಡಿ ನಿಲ್ಲೋಕೆ ಬಿಡಲ್ಲ. ಕೂರೋಕೆ ಏನಾದ್ರೂ ಮಾಡು" ಅಂದರು ಟೀಚರ್.

ಹಾಲಮ್ಮ ಬಡಗಿ ಮೌನೇಶಾಚಾರಿಯನ್ನ ಕರೆಸಿದಳು. ಆಚಾರಿ ಒಳಗೆ ಬಂದು, ನೆಲ ನೋಡಿದ, ಡಬ್ಬಿ ನೋಡಿದ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದ.

"ಹೊಸ ಬೆಂಚು ನಿನಗೆ ದುಬಾರಿ ಆಗುತ್ತೆ ಹಾಲಮ್ಮ. ಬಸ್‌ಸ್ಟ್ಯಾಂಡ್ ಹತ್ರ ರೆಡಿಮೇಡ್ ರ‍್ಯಾಕು ಮಾರ್ತಾರಲ್ಲ, ಮರದ ಪುಡಿ ಒತ್ತಿ ಮಾಡಿರೋದು, ಸಸ್ತಾ. ಆಳೆತ್ತರ ಇರುತ್ತೆ, ಒಂದರ ಮೇಲೊಂದು ನಾಲ್ಕು ಗೂಡು. ಅದನ್ನ ತಂದು ಮಲಗಿಸು. ಮೇಲೆ ನಾಲ್ಕು ಜನ ಕೂರಬಹುದು, ಕೆಳಗೆ ಗೂಡಲ್ಲಿ ಡಬ್ಬಿ ಇಡಬಹುದು. ನೆಲಾನೂ ಖಾಲಿ ಆಗುತ್ತೆ. ನಾನು ಮೇಲೊಂದು ಗಟ್ಟಿ ಹಲಗೆ, ಒಳಗೆ ಪಟ್ಟಿ ಹೊಡೆದು ಕೊಡ್ತೀನಿ."

ಹಾಲಮ್ಮನಿಗೆ ಇದು ಹಿಡಿಸಿತು. ಮಗನ ಕಡೆ ತಿರುಗಿ, "ಕೇಳ್ಕೋ ಬಕ್ಕೇಶಿ. ಯುಗಾದಿ ತನಕ ನೋಡ್ತೀನಿ. ಜನ ತಿರುಗಿ ಬಂದ್ರೆ ಸರಿ. ಇಲ್ಲ ಅಂದ್ರೆ ಈ ಮಿಷನ್ ಮಾರಿ ನಿಮ್ಮ ಚಿಕ್ಕಮ್ಮನ ಊರಿಗೆ ಹೋಗಿಬಿಡೋಣ" ಅಂದಳು.

ಬಕ್ಕೇಶಿ ಹೋಗಿ ಮಿಷನ್ನಿನ ಮೇಲೆ ಕೈ ಇಟ್ಟ. ಅವನಿಗೆ ಆ ಮಿಷನ್ ಅಂದರೆ ಪ್ರಾಣ. ಬೆಲ್ಟು ತಿರುಗೋ ಸದ್ದು, ಬಟ್ಟೆ ಚೀಲದ ಬಾಯಿಂದ ಬೆಚ್ಚಗೆ ಅಂಗೈ ಮೇಲೆ ಬೀಳೋ ಹಿಟ್ಟು, ಇವನ್ನ ಬಿಟ್ಟು ಅವನು ಒಂದು ದಿನ ಇದ್ದವನಲ್ಲ. ಇನ್ನು ಮೇಲೆ ಅವ್ವ ಹೇಳಿದ್ದನ್ನ ಒಂದಕ್ಷರ ಆಚೀಚೆ ಆಗದ ಹಾಗೆ ಮಾಡಬೇಕು ಅಂತ ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಕೆಟ್ಟಿದ್ದೂ ಅಲ್ಲೇ.

ಮಾರನೇ ದಿನ ಹಾಲಮ್ಮ ಸಂಘದ ಮೀಟಿಂಗಿಗೆ ಹೊರಟಳು. "ರ‍್ಯಾಕು ತಂದು ಒಳಗೆ ಮಲಗಿಸಿರು" ಅಂದಳು.

ಬಕ್ಕೇಶಿ ಬಸ್‌ಸ್ಟ್ಯಾಂಡಿನಿಂದ ರ‍್ಯಾಕನ್ನ ತಲೆ ಮೇಲೆ ಹೊತ್ತು ತಂದ. ಬಿಸಿಲಲ್ಲಿ ಬಂದಿದೆ, ಪಾಪ, ದಣಿದಿರುತ್ತೆ. ಚಾಪೆ ಹಾಸಿದ. ಒಂದು ತುದಿಗೆ ದಿಂಬು ಇಟ್ಟ. ರ‍್ಯಾಕನ್ನ ಮೆಲ್ಲಗೆ ಅಂಗಾತ ಮಲಗಿಸಿದ. ನಾಲ್ಕು ಗೂಡೂ ಸೂರಿನ ಕಡೆ ಬಾಯಿ ಬಿಟ್ಟುಕೊಂಡವು. ಮೇಲೊಂದು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತು ತಟ್ಟತೊಡಗಿದ.

ಒಬ್ಬಾಕೆ ಗೋಧಿ ಡಬ್ಬಿ ತಂದಳು. "ಹಿಟ್ಟು ಮಾಡಿಕೊಡಪ್ಪ ಬಕ್ಕೇಶಿ."

"ಶ್. ಈಗಲೇ ಮಿಷನ್ ಹಾಕೋ ಹಾಗಿಲ್ಲ. ಮಲಗೈತೆ."

"ಯಾರು ಮಲಗಿರೋದು?"

"ನಮ್ಮ ರ‍್ಯಾಕು."

ಆಕೆ ಕಂಬಳಿ ನೋಡಿದಳು, ಬಕ್ಕೇಶಿಯ ಮುಖ ನೋಡಿದಳು, ಡಬ್ಬಿ ಎತ್ತಿಕೊಂಡು ಎದುರಿನ ಗಿರಣಿಗೆ ಹೋದಳು. ಆಮೇಲೆ ಬಂದ ಇಬ್ಬರೂ ಹಾಗೇ ಹೋದರು. ಮಧ್ಯಾಹ್ನ ಹಾಲಮ್ಮ ಬಂದಾಗ ಗಿರಣಿ ಸ್ಮಶಾನದ ಹಾಗೆ ಸುಮ್ಮನಿತ್ತು.

"ಇದೇನೋ ಇದು?"

"ಮೆಲ್ಲಗೆ ಮಾತಾಡವ್ವ. ಈಗಷ್ಟೇ ನಿದ್ದೆ ಹತ್ತೈತೆ."

ಹಾಲಮ್ಮ ಕಂಬಳಿ ಕಿತ್ತು ಎಸೆದಳು. "ಅಯ್ಯೋ ಪೆದ್ದೇ, ಅದಕ್ಕೆ ಜೀವ ಐತೇನೋ? ಮಲಗಿಸು ಅಂದ್ರೆ ಹಿಂಗೆ ಅಂಗಾತ ಮಲಗಿಸಿ ತಟ್ಟೋದಾ? ಅಡ್ಡ ಹಾಕ್ಬೇಕು. ಅಡ್ಡ ಹಾಕೋದು ಅಂತ, ಅಷ್ಟೇ. ತಿಳೀತಾ?"

"ತಿಳೀತವ್ವ. ಅಡ್ಡ ಹಾಕೋದು."

"ನಾಳೆ ಬೆಳಿಗ್ಗೆ ಆಚಾರಿ ಬರ್ತಾನೆ. ಅಷ್ಟರಲ್ಲಿ ಅಡ್ಡ ಹಾಕಿರು."

ಬೆಳಿಗ್ಗೆ ಬಕ್ಕೇಶಿ ಬೇಗ ಎದ್ದು ಯೋಚನೆ ಮಾಡಿದ. ಅಡ್ಡ ಹಾಕಬೇಕು ಅಂದರೆ ಯಾರಾದರೂ ಬರ್ತಾ ಹೋಗ್ತಾ ಇರಬೇಕು. ಗಿರಣಿಯೊಳಗೆ ಯಾರು ಬರ್ತಾರೆ? ನಿನ್ನೆ ಬಂದವರೂ ಎದುರಿಗೆ ಹೋದರು. ರಸ್ತೆಯಲ್ಲಾದರೆ ಬರ್ತಾರೆ. ರ‍್ಯಾಕನ್ನ ಎತ್ತಿ ತಂದು ರಸ್ತೆಗೆ ಅಡ್ಡ ಹಾಕಿದ. ಕಿರಿದಾದ ಬೀದಿ, ರ‍್ಯಾಕಿನ ಆಚೀಚೆ ಒಂದು ಬೈಕು ತೂರೋಕೂ ಜಾಗ ಉಳಿಯಲಿಲ್ಲ. ಪಕ್ಕದಲ್ಲಿ ಕೈಕಟ್ಟಿ ನಿಂತ.

ಮೊದಲು ಹಾಲಿನವನ ಬೈಕು ನಿಂತಿತು. ಆಮೇಲೆ ಒಂದು ಆಟೋ. ಅದರ ಹಿಂದೆ ನೀರಿನ ಟ್ಯಾಂಕರು. ಟ್ಯಾಂಕರಿನ ಡ್ರೈವರ್ ಇಳಿದು ಬಂದ.

"ಯಾಕಪ್ಪ ಅಡ್ಡ ಹಾಕಿದೀಯ?"

"ಅವ್ವ ಹೇಳ್ಯಾಳೆ."

"ಯಾವುದಕ್ಕೆ ಅಡ್ಡ ಹಾಕು ಅಂದ್ಲು?"

"ಅದು ಹೇಳಿಲ್ಲ. ಅದಕ್ಕೇ ಎಲ್ಲಾದಕ್ಕೂ ಹಾಕೀನಿ."

ಹಾಲಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬರೋ ಹೊತ್ತಿಗೆ ಟ್ಯಾಂಕರಿನ ಹಿಂದೆ ಇನ್ನೂ ಎರಡು ಗಾಡಿ ನಿಂತಿದ್ದವು. ಅವಳು ಎಲ್ಲರಿಗೂ ಕೈ ಮುಗಿದು, ಮಗನ ಕೈಲೇ ರ‍್ಯಾಕು ಎತ್ತಿಸಿ, ಒಳಗೆ ಕರಕೊಂಡು ಹೋಗಿ ಕಿವಿ ಹಿಂಡಿದಳು.

"ಲೋ, ನಿಂಗೆ ಗೊತ್ತಾಗದಿದ್ರೆ ಕೇಳ್ಬೇಕು. ಯಾವ ಕೆಲಸ ಮಾಡೋಕೆ ಮುಂಚೇನೂ ನಾಲ್ಕು ಜನರನ್ನ ಕೇಳಿ ಮಾಡು. ನಾಲ್ಕು ಜನ ಏನು ಹೇಳ್ತಾರೋ ಅದು ಸರಿ ಇರುತ್ತೆ."

"ಆಯ್ತವ್ವ. ನಾಲ್ಕು ಜನ."

ಆಚಾರಿ ಬಂದು ರ‍್ಯಾಕನ್ನ ಗೋಡೆಗೆ ಒತ್ತಿ ಮಗ್ಗುಲಾಗಿ ಇಟ್ಟ. ಗೂಡುಗಳು ಈಗ ಸಾಲಾಗಿ ಮುಂದಕ್ಕೆ ಮುಖ ಮಾಡಿದವು. ಮೇಲೆ ಒಂದು ಬೇವಿನ ಹಲಗೆ ಕೂರಿಸಿದ, ಗೂಡಿನ ಒಳಮೂಲೆಗಳಿಗೆಲ್ಲ ಪಟ್ಟಿ ಹೊಡೆದ, ತಾನೇ ಹತ್ತಿ ಕುಣಿದು ನೋಡಿದ. ಗಟ್ಟಿಯಾಗಿತ್ತು.

"ಒಂದೇ ತೊಂದ್ರೆ" ಅಂದ ಆಚಾರಿ. "ನೆಲ ತೊಳೆದಾಗ ನೀರು ತಾಗಿದ್ರೆ ಈ ಪುಡಿಹಲಗೆ ಉಬ್ಬುತ್ತೆ. ಕೆಳಗೆ ನಾಲ್ಕು ಕಾಲು ಬೇಕು. ನಾಲ್ಕೂ ಒಂದೇ ಅಳತೆ, ಗೇಣುದ್ದ ಇದ್ರೆ ಸಾಕು. ತರಿಸಿಟ್ಟಿರು, ನಾಳೆ ಕೂರಿಸ್ತೀನಿ."

ಹಾಲಮ್ಮ ಮಗನನ್ನ ಕಳಿಸಿದಳು. "ಒಂದೇ ಅಳತೆ ನಾಲ್ಕು ಕಾಲು ತಾ. ಗೇಣುದ್ದ."

ಬಕ್ಕೇಶಿ ಹೊರಟ. ನಾಲ್ಕು ಜನರನ್ನ ಕೇಳಬೇಕು, ಮರೆಯೋ ಹಾಗಿಲ್ಲ. ಮೊದಲು ಟೀ ಅಂಗಡಿಯವನನ್ನ ಕೇಳಿದ. "ಕಾಲು ಎಲ್ಲಿ ಸಿಗ್ತಾವೆ?" ಟೀ ಅಂಗಡಿಯವನು ನಕ್ಕು ತನ್ನ ಕಾಲು ತೋರಿಸಿದ. ಹೂವಿನವಳನ್ನ ಕೇಳಿದ. "ಅದೆಲ್ಲ ನಮ್ಮನೇಲಿ ತಿನ್ನಲ್ಲಪ್ಪ" ಅಂದಳು. ಸೈಕಲ್ ಶಾಪಿನವನನ್ನ ಕೇಳಿದ. "ಗೌಸ್‌ಪೀರ್ ಅಂಗಡಿಗೆ ಹೋಗು, ಬೆಳಿಗ್ಗೆಯಾದ್ರೆ ಸಿಗ್ತಾವೆ" ಅಂದ. ಮೂರು ಜನ ಆಯ್ತು. ನಾಲ್ಕನೆಯವನು ಗೌಸ್‌ಪೀರೇ. ಮಟನ್ ಅಂಗಡಿ.

"ಕಾಲು ಐತಾ?"

"ಐತೆ. ಎಷ್ಟು ಬೇಕು?"

"ನಾಲ್ಕು. ಒಂದೇ ಅಳತೆ."

ಗೌಸ್‌ಪೀರ್ ನಾಲ್ಕು ಕಾಲು ಮುಂದಿಟ್ಟ. ಬಕ್ಕೇಶಿ ಒಂದೊಂದನ್ನೂ ಗೇಣು ಹಾಕಿ ಅಳೆದ. "ಇವೆರಡು ಉದ್ದ ಐತಲ್ಲಣ್ಣ. ಅಲ್ಲಾಡುತ್ತೆ."

"ಹಿಂಗಾಲು ಉದ್ದ ಇರುತ್ತೆ ಕಣಪ್ಪ. ಏನು ಅಲ್ಲಾಡುತ್ತೆ?"

"ನಾಲ್ಕು ಜನ ಕೂತ್ಕೋತಾರೆ."

"ನಾಲ್ಕು ಜನ ಕೂತ್ಕೊಂಡ್ರೆ ನಾಲ್ಕು ಕಾಲು ಧಾರಾಳ ಸಾಕು. ಮೆಣಸು ಮಾತ್ರ ಜಾಸ್ತಿ ಹಾಕ್ಬೇಕು."

ಇದನ್ನ ಆಚಾರಿ ಹೇಳಿರಲಿಲ್ಲ. ಆದರೂ ನಾಲ್ಕನೆಯವನು ಹೇಳಿದ ಮಾತು. ಬಕ್ಕೇಶಿ ನಾಲ್ಕೂ ಮುಂಗಾಲೇ ಆರಿಸಿಕೊಂಡು, ದಾರಿಯಲ್ಲಿ ಒಂದು ಪೊಟ್ಟಣ ಮೆಣಸೂ ತಗೊಂಡು ಬಂದ.

ಹಾಲಮ್ಮನ ಮನೆ ಎಂಥದ್ದು ಅಂದರೆ ಮೊಟ್ಟೆ ಕೂಡ ಹೊಸಿಲು ದಾಟದ ಮನೆ. ಅವಳು ಕಸಬರಿಗೆ ಹಿಡಿದು ಗಿರಣಿಗೆ ಬಂದಳು. ಬೆಂಚಿನ ನಾಲ್ಕು ಮೂಲೆಗೆ ನಾಲ್ಕು ಕುರಿ ಕಾಲು ಒರಗಿಕೊಂಡಿದ್ದವು. ಸುತ್ತ ಮೆಣಸು ಉದುರಿಸಿತ್ತು.

"ನೋಡವ್ವ, ಗೊರಸು ಸಮೇತ ಐತೆ. ನೀರು ಬಂದ್ರೂ ಏನೂ ಆಗಲ್ಲ."

ಹಾಲಮ್ಮ ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತಳು. ಆಮೇಲೆ ಕಾಲುಗಳನ್ನ ವಾಪಸ್ ಕಳಿಸಿ, ಗಿರಣಿಯನ್ನ ಮೂರು ಸಲ ತೊಳೆಸಿ, ಊದುಬತ್ತಿ ಹಚ್ಚಿ, ಮಗನನ್ನ ಎದುರಿಗೆ ನಿಲ್ಲಿಸಿಕೊಂಡಳು.

"ಬೆಂಚಿನ ಕಾಲು ಯಾವುದರದ್ದು ಇರುತ್ತೋ? ಮರದ್ದು. ಇನ್ಮೇಲೆ ಕೇಳ್ಕೋ. ಈ ಬೆಂಚಿಗೆ ನೀನು ಏನು ತಂದ್ರೂ ಮರದ್ದೇ ತರಬೇಕು. ಮರ ಅಂದ್ರೆ ಗೊತ್ತೈತಾ?"

"ಗೊತ್ತೈತವ್ವ. ಏನು ತಂದ್ರೂ ಮರದ್ದು."

ಆಚಾರಿಗೆ ಸುದ್ದಿ ಮುಟ್ಟಿತ್ತು. ನಗು ತಡೆಯೋಕಾಗದೆ ಅವನು ತಾನೇ ಒಂದು ದಾರಿ ಮಾಡಿದ. ಅವನ ಹತ್ತಿರ ಯಾವುದೋ ಮುರಿದ ತಳ್ಳುಗಾಡಿಯ ನಾಲ್ಕು ಚಿಕ್ಕ ಗಾಲಿ ಬಿದ್ದಿದ್ದವು. ಅವನ್ನೇ ಕಾಲಿನ ಬದಲು ಹಾಕಿದ. ಗುಡಿಸುವಾಗ ಬೆಂಚು ತಳ್ಳಿಕೊಳ್ಳಬಹುದು, ನೀರೂ ತಾಗೋದಿಲ್ಲ. ಜೊತೆಗೆ ಅಂಗಡಿಯಲ್ಲಿ ಉಳಿದಿದ್ದ ಒಂದು ಡಬ್ಬ ಹಸಿರು ಬಣ್ಣವನ್ನೂ ಕೊಟ್ಟ. "ಎರಡು ಕೈ ಹೊಡೆದುಬಿಡು ಬಕ್ಕೇಶಿ, ಹಲಗೆ ಬಾಳಿಕೆ ಬರುತ್ತೆ" ಅಂತ ಹೇಳಿ ಹೋದ.

ಬಕ್ಕೇಶಿ ಡಬ್ಬದಲ್ಲಿ ಬಲಗೈ ಅದ್ದಿದ, ಹಲಗೆ ಮೇಲೆ ಪಟ್ಟಂತ ಹೊಡೆದ. ಎಡಗೈ ಅದ್ದಿದ, ಹೊಡೆದ. ಎರಡು ಕೈ ಆಯ್ತು. ಡಬ್ಬ ಮುಚ್ಚಿಟ್ಟ.

ಹಾಲಮ್ಮ ಬಂದು ಆ ಎರಡು ಹಸಿರು ಅಂಗೈ ನೋಡಿದಳು. ನಗು ಬಂತು, ಸಿಟ್ಟೂ ಬಂತು. "ಎರಡು ಕೈ ಅಂದ್ರೆ ಒಂದ್ಸಲ ಪೂರ್ತಿ ಬಳಿದು, ಒಣಗಿದ ಮೇಲೆ ಇನ್ನೊಂದ್ಸಲ ಬಳಿಯೋದು ಕಣೋ. ಪೂರ್ತಿ ಬಳಿ. ಒಂದು ಜಾಗಾನೂ ಬಿಡಬೇಡ" ಅಂದಳು. 

ಸಂಜೆ ಬಂದು ನೋಡಿದರೆ ಬೆಂಚು ಹಸಿರು. ಬೆಂಚಿನ ಹಿಂದಿನ ಗೋಡೆ ಹಸಿರು. ಸ್ಟೂಲು ಹಸಿರು, ತಕ್ಕಡಿ ಹಸಿರು, ಗಡಿಯಾರದ ಗಾಜು ಹಸಿರು, ಟೀಚರ್ ಬಿಟ್ಟುಹೋಗಿದ್ದ ರಾಗಿ ಡಬ್ಬಿಯೂ ಹಸಿರು. ಮಿಷನ್ನಿನ ಅರ್ಧ ಮಾತ್ರ ಹಾಗೇ ಇತ್ತು.

"ಇದನ್ನ ಯಾಕೆ ಬಿಟ್ಟೆ?" ಅಂತ ಹಾಲಮ್ಮ ಸಣ್ಣ ದನಿಯಲ್ಲಿ ಕೇಳಿದಳು.

"ಬಣ್ಣ ಮುಗೀತವ್ವ" ಅಂದ ಬಕ್ಕೇಶಿ. ಅವನಿಗೂ ಬೇಜಾರಾಗಿತ್ತು.

ಬೈದು ಬೈದು ಹಾಲಮ್ಮನ ಗಂಟಲು ಒಣಗಿತ್ತು. ಸೀಮೆಎಣ್ಣೆ ಹಾಕಿ ಗಡಿಯಾರ ಒರೆಸಿದಳು, ತಕ್ಕಡಿ ಒರೆಸಿದಳು, ಗೋಡೆಯನ್ನ ಹಾಗೇ ಬಿಟ್ಟಳು. ಏನೇ ಆದರೂ ಬೆಂಚು ಬೆಂಚಾಗಿತ್ತು. ಬಣ್ಣ ಒಣಗಿದ ಮೇಲೆ ಡಬ್ಬಿಗಳನ್ನೆಲ್ಲ ಗೂಡಿಗೆ ಸೇರಿಸಿ ನೋಡಿದಳು. ನೆಲ ಖಾಲಿಯಾಗಿ ಗಿರಣಿ ದೊಡ್ಡದಾದ ಹಾಗೆ ಕಂಡಿತು. ಮನಸ್ಸಿಗೆ ಸ್ವಲ್ಪ ಹಗುರ ಆಯ್ತು. ಇನ್ನೊಂದು ಗಾದಿ ಬಂದರೆ ಮುಗೀತು.

"ಜಬ್ಬಾರ್ ಸಾಬರ ಅಂಗಡಿಗೆ ಹೋಗಿ ಬೆಂಚಿಗೆ ಒಂದು ಗಾದಿ ತಾ" ಅಂದಳು.

ಜಬ್ಬಾರ್ ಸಾಬರು ಹತ್ತಿ ಹಿಂಜುತ್ತಾ ಕೂತಿದ್ದರು. "ಬಾ ಬಕ್ಕೇಶಿ. ಹತ್ತಿದಾ, ಸ್ಪಂಜಿಂದಾ?"

"ಮರದ್ದು."

"ಮರದ ಹತ್ತಿ ಕೇಳ್ತಿದೀಯಾ? ಬೂರುಗದ ಹತ್ತಿ? ಐತೆ, ಭಾಳ ಮೆತ್ತಗಿರುತ್ತೆ."

"ಹತ್ತಿ ಬ್ಯಾಡ ಸಾಬ್ರೇ. ಬರೀ ಮರ."

"ಗಾದಿ ಒಳಗೆ ಮರ ತುಂಬೋದು ನಾನು ಎಲ್ಲೂ ನೋಡಿಲ್ಲಪ್ಪ."

"ಹಂಗಾದ್ರೆ ಬಟ್ಟೆ ಕೊಡಿ, ಮರ ನಾನೇ ತುಂಬ್ಕೋತೀನಿ."

ಹೂವಿನ ಚಿತ್ರದ ಒಂದು ಗವಸು ತಗೊಂಡ. ಸೌದೆ ಡಿಪೋಗೆ ಹೋಗಿ ಬೆಂಚಿನಷ್ಟೇ ಉದ್ದದ, ನಾಲ್ಕು ಬೆರಳು ದಪ್ಪದ ಹುಣಸೆ ಮರದ ಸೀಳು ಆರಿಸಿದ. ಗವಸಿನೊಳಗೆ ತೂರಿಸಿ ಬಾಯಿ ಹೊಲಿದ. ಬೆಂಚಿನ ಮೇಲೆ ಇಟ್ಟ. ನೋಡೋಕೆ ಗಾದಿ ಅಂದರೆ ಗಾದಿ.

ಅವ್ವ ಹಿಂದುಗಡೆ ಕಾಳು ಕೇರುತ್ತಿದ್ದಳು. ಅಷ್ಟರಲ್ಲಿ ಕಮಲಾಕ್ಷಮ್ಮ ಟೀಚರ್ ರಾಗಿ ಡಬ್ಬಿ ಕೇಳಿಕೊಂಡು ಬಂದರು. ಹೊಸ ಬೆಂಚು, ಹೂವಿನ ಗಾದಿ ನೋಡಿ ಅವರ ಮುಖ ಅರಳಿತು. ಮಂಡಿ ನೋವಿದ್ದವರು ಮೆಲ್ಲಗೆ ಬಗ್ಗಿ ಕೂರೋಕಾಗುತ್ತಾ? ಅರ್ಧ ಬಗ್ಗಿ ಆಮೇಲೆ ಮೈ ಬಿಟ್ಟುಬಿಡ್ತಾರೆ. ಟೀಚರೂ ಹಾಗೇ, ಗಾದಿ ಇದೆಯಲ್ಲ ಅಂತ ಧೈರ್ಯವಾಗಿ ಮೈ ಬಿಟ್ಟರು. ಧಡ್ ಅಂತ ಸದ್ದು ಬಂತು. ಟೀಚರ ಕಣ್ಣಲ್ಲಿ ನೀರು ಬಂತು.

ಅವರು ಕಷ್ಟಪಟ್ಟು ಎದ್ದರು. ಎರಡು ನಿಮಿಷ ಗೋಡೆ ಹಿಡಿದು ನಿಂತರು. ಆಮೇಲೆ ಹಸಿರು ಡಬ್ಬಿ ಎತ್ತಿಕೊಂಡು ಕುಂಟುತ್ತಾ ರಸ್ತೆ ದಾಟಿ ತಿಪ್ಪೇಶಿಯ ಗಿರಣಿಗೆ ಹೋದರು. ಸದ್ದು ಕೇಳಿ ಓಡಿಬಂದ ಹಾಲಮ್ಮ ಅವರ ಬೆನ್ನನ್ನಷ್ಟೇ ನೋಡಿದಳು.

ಬಕ್ಕೇಶಿ ಕಿವಿ ಹಿಡಿದುಕೊಂಡು ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ. ಹಾಲಮ್ಮ ಮರದ ಗಾದಿ ಎತ್ತಿ ಮೂಲೆಗೆ ಒರಗಿಸಿದಳು. ಟ್ರಂಕಿನಿಂದ ತನ್ನ ಹಳೇ ಸೀರೆಗಳನ್ನ ತೆಗೆದು, ನಾಲ್ಕು ಪದರ ಮಡಿಚಿ, ಕೌದಿ ಹೊಲಿಯೋಕೆ ಕೂತಳು. ಬಕ್ಕೇಶಿ ಸೂಜಿಗೆ ದಾರ ಪೋಣಿಸಿ ಕೊಟ್ಟ. ಅವ್ವ ಬೈದಿದ್ದರೆ ಅವನಿಗೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತಿತ್ತು. ಬೈಯದೆ ಇದ್ದದ್ದಕ್ಕೆ ಏನು ಮಾಡಬೇಕೋ ತಿಳಿಯದೆ ಇನ್ನೊಂದು ಸೂಜಿಗೂ ದಾರ ಪೋಣಿಸಿಟ್ಟ.

ಯುಗಾದಿಗೆ ಎರಡು ದಿನ ಉಳಿದಿತ್ತು. ಹಬ್ಬದ ಮುಂದೆ ಊರಿಗೆ ಊರೇ ಹಿಟ್ಟು ಮಾಡಿಸುತ್ತೆ. ತಿಪ್ಪೇಶಿಯ ಆರು ಕುರ್ಚಿಯೂ ತುಂಬಿ, ಬಾಗಿಲಾಚೆ ಹತ್ತು ಹನ್ನೆರಡು ಹೆಂಗಸರು ಬಿಸಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದರು. ಹಾಲಮ್ಮನ ಗಿರಣಿಯಲ್ಲಿ ಒಂದು ನೊಣವೂ ಇರಲಿಲ್ಲ. ಅವಳು ಕೌದಿಯನ್ನ ಬೆಂಚಿನ ಮೇಲೆ ಹಾಸಿ, ಕೈಯಿಂದ ಒತ್ತಿ ನೋಡಿ, ಊಟಕ್ಕೆ ಎದ್ದಳು. ಹೋಗೋ ಮುಂಚೆ ಮಗನಿಗೆ ಹೇಳಿದಳು.

"ನಾನೊಂದು ತುತ್ತು ಉಂಡು ಬರ್ತೀನಿ. ಬೆಂಚು ಗೋಡೆಗಂಟಿ ಕೂತೈತೆ, ಮುಂದಕ್ಕೆ ತಳ್ಳು. ಜನ ಎಲ್ಲಿ ನಿಂತ್ಕೋತಾರೆ ನೋಡಿ ಅಲ್ಲಿ ಹಾಕು. ಮರ್ಯಾದೆಯಾಗಿ ಕೂರಿಸು. ಅವರ ಡಬ್ಬಿ ತಗೊಂಡು ಗೂಡಲ್ಲಿಡು. ಇಷ್ಟು ಮಾಡ್ತೀಯಾ?"

"ಮಾಡ್ತೀನವ್ವ."

ಬಕ್ಕೇಶಿ ಗಿರಣಿಯೊಳಗೆ ಸುತ್ತ ನೋಡಿದ. ಜನ ಎಲ್ಲೂ ನಿಂತಿರಲಿಲ್ಲ. ಬಾಗಿಲಿಗೆ ಬಂದು ನೋಡಿದ. ಜನ ಎಲ್ಲಿ ನಿಂತಿದ್ದಾರೆ ಅಂತ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಬೆಂಚನ್ನ ಹೊಸಿಲು ದಾಟಿಸಿ, ಗಾಲಿ ಮೇಲೆ ಗಡಗಡ ಉರುಳಿಸಿಕೊಂಡು ಹೋಗಿ, ತಿಪ್ಪೇಶಿಯ ಬಾಗಿಲ ಮುಂದೆ ಹಾಕಿದ.

"ಬರ್ರಿ ಅಕ್ಕ, ಕೂತ್ಕಳ್ಳಿ. ಡಬ್ಬಿ ಇತ್ತ ಕೊಡಿ."

ತಿಪ್ಪೇಶಿ ಹಿಟ್ಟು ಮೆತ್ತಿದ ಮುಖ ಹೊರಗೆ ಹಾಕಿದ. "ಇದೇನಪ್ಪ, ನಮ್ಮ ಗಿರಾಕಿಗೆ ನಿಮ್ಮ ಬೆಂಚು?"

"ಅವ್ವ ಹೇಳ್ಯಾಳೆ."

"ಹಾಲಮ್ಮ ದೊಡ್ಡ ಮನಸ್ಸಿನೋಳು ಬಿಡು" ಅಂತ ತಿಪ್ಪೇಶಿ ಖುಷಿಯಾಗಿ ಒಳಗೆ ಹೋದ.

ಸಾಲಿನಲ್ಲಿ ಕಮಲಾಕ್ಷಮ್ಮ ಟೀಚರೂ ಇದ್ದರು. ಅವರು ಮೊದಲು ಒಂದು ಬೆರಳಿಂದ ಕೌದಿ ಒತ್ತಿದರು, ಆಮೇಲೆ ಅಂಗೈಯಿಂದ ಒತ್ತಿದರು, ಆಮೇಲೆ ಕೂತರು. ಮೆತ್ತಗಿತ್ತು. ಅವರ ಪಕ್ಕ ಸೊಪ್ಪು ಮಾರೋ ಪಾರಕ್ಕ ಕೂತಳು, ಅವಳ ಪಕ್ಕ ಇನ್ನಿಬ್ಬರು. ನಿಂತಿದ್ದವರ ಡಬ್ಬಿಗಳನ್ನೂ ಬಕ್ಕೇಶಿ ಬಿಡದೆ ಇಸಿದುಕೊಂಡು ನಾಲ್ಕೂ ಗೂಡಿಗೆ ಒತ್ತೊತ್ತಾಗಿ ಸೇರಿಸಿದ.

ಹಾಲಮ್ಮ ಕೈ ಒರೆಸಿಕೊಂಡು ಬಂದಳು. ಗಿರಣಿಯಲ್ಲಿ ಬೆಂಚು ಇದ್ದ ಜಾಗ ಖಾಲಿ. ರಸ್ತೆ ಆಚೆ ನೋಡಿದಳು. ತನ್ನ ಬೆಂಚು, ತನ್ನ ಸೀರೆಯ ಕೌದಿ, ಅದರ ಮೇಲೆ ತಿಪ್ಪೇಶಿಯ ಗಿರಾಕಿಗಳು. ಹೊಸಿಲ ಮೇಲೆ ಕುಸಿದು ಕೂತಳು. ಬಕ್ಕೇಶಿ ಓಡಿ ಬಂದ.

"ನೋಡ್ದೇನವ್ವ? ಜನ ನಿಂತಿರೋ ಕಡೆ ಹಾಕ್ದೆ. ಎಲ್ಲರೂ ಕೂತ್ರು."

"ನೋಡ್ದೆ ಕಣಪ್ಪ." ಹಾಲಮ್ಮ ಕೂತಲ್ಲಿಂದಲೇ ಕೈ ತೋರಿಸಿದಳು. "ಹೋಗು. ಬೆಂಚು ವಾಪಸ್ ತಗೊಂಡು ಬಾ."

ಬಕ್ಕೇಶಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದ. ಈ ಸಲ ತಪ್ಪಾಗಬಾರದು. "ಹೆಂಗೆ ತರ್ಲಿ ಅವ್ವ?"

"ಹೆಂಗೈತೋ ಹಂಗೆ ತಾರೋ. ನಿನ್ನ ಬುದ್ಧಿ ಉಪಯೋಗಿಸಿ ಏನೂ ಮಾಡಬೇಡ. ಹೆಂಗೈತೋ ಹಂಗೇ."

ಇದು ಸುಲಭದ ಮಾತು. ಬಕ್ಕೇಶಿ ಹೋದ, ಬೆಂಚಿನ ಒಂದು ತುದಿಗೆ ಎರಡೂ ಕೈ ಕೊಟ್ಟ, ಎತ್ತು ನೊಗಕ್ಕೆ ಹೆಗಲು ಕೊಟ್ಟ ಹಾಗೆ ಬಗ್ಗಿ ತಳ್ಳಿದ. ಬೆಂಚು ಹೊರಟಿತು. ಮೇಲೆ ನಾಲ್ಕು ಜನ, ಕೆಳಗೆ ಹದಿಮೂರು ಡಬ್ಬಿ.

"ಏಯ್, ಎಲ್ಲಿಗೋ?" ಅಂದಳು ಪಾರಕ್ಕ, ಟೀಚರ ಭುಜ ಹಿಡಿದುಕೊಂಡು.

"ನಮ್ಮ ಗಿರಣಿಗೆ."

"ತಡಿ, ನಾವು ಇಳೀತೀವಿ."

"ಇಳಿಯೋ ಹಾಗಿಲ್ಲ ಅಕ್ಕ. ಹೆಂಗಿದೀರೋ ಹಂಗೇ ಇರಬೇಕು. ಅವ್ವ ಹೇಳ್ಯಾಳೆ."

ರಸ್ತೆಯ ನಡುವಿನ ಇಳಿಜಾರಿನಲ್ಲಿ ಗಾಲಿಗೆ ತಾನಾಗೇ ವೇಗ ಬಂತು. ಡಬ್ಬಿಗಳು ಡಣಡಣ ಅಂದವು. ಟೀಚರು ಕನ್ನಡಕ ಹಿಡಿದುಕೊಂಡರು. ಹಿಂದೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಗೋಧಿ, ತಮ್ಮ ಕಡಲೆಬೇಳೆ ಎಲ್ಲ ಬೆಂಚಿನ ಜೊತೆ ಹೋಗುತ್ತಿತ್ತು. ಅವರೂ ಹಿಂದೆ ಓಡಿದರು. ತಿಪ್ಪೇಶಿ ಹೊರಗೆ ಬಂದು ನೋಡೋ ಹೊತ್ತಿಗೆ ಬಾಗಿಲ ಮುಂದೆ ಯಾರೂ ಇರಲಿಲ್ಲ. ಒಳಗಿನ ಆರು ಜನದ್ದೇ ಸಂಜೆ ತನಕ ಆಗುವಷ್ಟಿತ್ತು. ಅವನು ಬೆವರು ಒರೆಸಿಕೊಂಡು ಮತ್ತೆ ಒಳಗೆ ಹೋದ.

ಬಕ್ಕೇಶಿ ಬೆಂಚನ್ನ ಹೊಸಿಲು ದಾಟಿಸಿ, ಇದ್ದ ಜಾಗದಲ್ಲೇ ತಂದು ನಿಲ್ಲಿಸಿದ. ಅವನ ಹಿಂದೆ ಗಿರಣಿ ತುಂಬಿಹೋಯ್ತು. ಹಾಲಮ್ಮ ಎದ್ದು ನಿಂತು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು, ಅಳೋದೋ ನಗೋದೋ ಅವಳಿಗೇ ಗೊತ್ತಿರಲಿಲ್ಲ.

ಮೊದಲು ನಕ್ಕಿದ್ದು ಟೀಚರು. "ಮೂವತ್ತು ವರ್ಷ ಈ ಊರಲ್ಲಿ ಪಾಠ ಹೇಳಿದೀನಿ ಹಾಲಮ್ಮ. ಒಬ್ಬನೂ ನನ್ನನ್ನ ಹೀಗೆ ಕೂರಿಸಿಕೊಂಡು ಮೆರವಣಿಗೆ ಮಾಡಲಿಲ್ಲ" ಅಂದರು. ಪಾರಕ್ಕ ನಕ್ಕಳು, ಉಳಿದವರೂ ನಕ್ಕರು. "ಆ ಬಿಸಿಲಲ್ಲಿ ಮತ್ತೆ ಯಾರು ಹೋಗಿ ನಿಲ್ತಾರೆ? ನೀನೇ ಮಾಡಿಕೊಡು ಹಾಲಮ್ಮ" ಅಂದಳು ಒಬ್ಬಳು. ಎಲ್ಲರೂ ಹೂಂಗುಟ್ಟಿದರು.

ಆವತ್ತು ಬಂದವರು ಯುಗಾದಿ ಆದ ಮೇಲೂ ಬಂದರು. ಮಿಷನ್ ಮಾರೋ ಮಾತನ್ನ ಹಾಲಮ್ಮ ಮತ್ತೆ ಎತ್ತಲಿಲ್ಲ. ಆದರೆ ಅವೆಲ್ಲ ಆಮೇಲಿನ ಮಾತು. ಆವತ್ತಿನ ಕತೆ ಇನ್ನೂ ಸ್ವಲ್ಪ ಉಳಿದಿದೆ.

ಹಾಲಮ್ಮ ಗೂಡಿನಿಂದ ಒಂದೊಂದೇ ಡಬ್ಬಿ ತೆಗೆದು ತೂಗೋಕೆ ಶುರು ಮಾಡಿದಳು. ಬಕ್ಕೇಶಿ ಮಿಷನ್ನಿನ ಪಕ್ಕ ನಿಂತು, ತುಂಬಿದ ಬೆಂಚನ್ನೇ ನೋಡುತ್ತಾ ಹಿಗ್ಗುತ್ತಿದ್ದ. ಸೆಖೆ ಅಂದರೆ ಸೆಖೆ. ಟೀಚರು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಅಂದರು.

"ನೋಡ್ತಾ ನಿಂತಿದೀಯಲ್ಲ ಬಕ್ಕೇಶಿ. ಎಷ್ಟು ಜನ ಕಾಯ್ತಿದಾರೆ. ಬೇಗ ಬೇಗ ಬೀಸಪ್ಪ."

ಗಿರಣಿಗೆ ಬಂದವರೆಲ್ಲ 'ಹಿಟ್ಟು ಮಾಡಿಕೊಡು' ಅನ್ನುತ್ತಿದ್ದರು. ಹಾಗೆ ಅಂದಿದ್ದರೆ ಬಕ್ಕೇಶಿ ಸ್ವಿಚ್ಚು ಒತ್ತುತ್ತಿದ್ದ. ಟೀಚರು ಓದಿದವರು, ಬೀಸು ಅಂದರು. ಪಾಪ, ಬೆವರಿ ನೀರಾಗಿದ್ದರು ಬೇರೆ. ಬಕ್ಕೇಶಿ ಅತ್ತ ಇತ್ತ ನೋಡಿದ. ಕಿಟಕಿ ಕೆಳಗೆ ದೊಡ್ಡ ಮೊರ ಇತ್ತು, ಅದರ ತುಂಬ ಬೆಳಿಗ್ಗೆ ಜರಡಿ ಹಿಡಿದಿಟ್ಟ ಅಕ್ಕಿ ಹಿಟ್ಟು. ಹಿಟ್ಟು ಇದ್ದರೂ ಮೊರ ಮೊರವೇ. ಅದನ್ನ ಎರಡೂ ಕೈಲಿ ಎತ್ತಿ ಹಿಡಿದು, ಬೆಂಚಿನ ಮುಂದೆ ಕಾಲು ಅಗಲಿಸಿ ನಿಂತು, ಮೈಯಲ್ಲಿದ್ದ ಬಲವನ್ನೆಲ್ಲ ಬಿಟ್ಟು ಬೀಸಿದ.

ಹಾಲಮ್ಮ ಡಬ್ಬಿ ಕೆಳಗಿಟ್ಟು ಓಡಿಬರೋ ಹೊತ್ತಿಗೆ ಗಿರಣಿಯೊಳಗೆ ಏನೂ ಕಾಣುತ್ತಿರಲಿಲ್ಲ. ಹಿಟ್ಟಿನ ಮೋಡ ಇಳಿದ ಮೇಲೆ ಬೆಂಚಿನ ಮೇಲಿದ್ದ ನಾಲ್ಕು ಜನ ಕಂಡರು. ತಲೆಯಿಂದ ಕಾಲಿನ ತನಕ ಬೆಳ್ಳಗೆ, ಕಣ್ಣು ಮಾತ್ರ ಪಿಳಿಪಿಳಿ. ಯಾರು ಟೀಚರು, ಯಾರು ಪಾರಕ್ಕ ಅನ್ನೋದು ಗೊತ್ತಾಗುತ್ತಿರಲಿಲ್ಲ.

ಬಕ್ಕೇಶಿ ಖಾಲಿ ಮೊರವನ್ನ ಕೆಳಗಿಳಿಸಿ, ಏದುಸಿರು ಬಿಡುತ್ತಾ, ನಾಲ್ವರಲ್ಲಿ ಉದ್ದಕ್ಕಿದ್ದವರ ಕಡೆ ಬಗ್ಗಿ ವಿನಯದಿಂದ ಕೇಳಿದ.

"ಸಾಕಾ ಟೀಚರ್, ಇನ್ನೊಂದು ಚೂರು ಬೀಸ್ಲಾ?"